ಮೂರೂ ಅಲ್ಲ, ಆರೂ ಅಲ್ಲ, ನಾಲ್ಕು ಬಾಕ್ಸ್

ಮೆಲ್ಬೋರ್ನ್
ಆಗಸ್ಟ್ 10

ಪ್ರೀತಿಯ ಅಪ್ಪಾಜಿ, ಅಮ್ಮನಿಗೆ ನಮಸ್ಕಾರಗಳು.

ಆಟಿ ಪಾಯಸದ ಫೋಟೋ ನೋಡಿದೆ ಅಮ್ಮ. ಆ ನೇರಳೆ ಬಣ್ಣ ನೋಡಿಯೇ ಹೊಟ್ಟೆ ಉರಿಯಿತು. ಇಲ್ಲಿ ಆ ಬಣ್ಣ ಕೊಡುವ ಮದ್ದು ಸೊಪ್ಪು ಎಲ್ಲಿಂದ ತರಲಿ? ಸೋಮವಾರಪೇಟೆಯಲ್ಲಿ ಮಳೆ ಇನ್ನೂ ಬಿಟ್ಟಿಲ್ಲ ಅಂತ ಅಣ್ಣ ಹೇಳಿದ. ಇಲ್ಲೂ ಚಳಿ, ಬಟ್ಟೆ ಒಣಗುವುದಿಲ್ಲ.

ಅಡುಗೆಮನೆ ಟೈಲ್ಸಿಗೆ ಮೇಸ್ತ್ರಿ 6 ಬಾಕ್ಸ್ ಅಂದರಂತೆ, ಅಪ್ಪಾಜಿ 3 ಸಾಕು ಅಂದರಂತೆ. ಫೋನಿನಲ್ಲಿ ಹೇಳೋಣ ಅಂದರೆ ಇಬ್ಬರೂ ಒಟ್ಟಿಗೆ ಮಾತಾಡ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮ ಕೊಟ್ಟ ಅಳತೆ ಇದು. ಉದ್ದದ ಗೋಡೆ 10 ಅಡಿ, ಒಲೆ ಕಡೆಯದು ಐದೂವರೆ. ಟೈಲ್ ಹಚ್ಚುವ ಪಟ್ಟಿ ಕಟ್ಟೆಯಿಂದ ಮೇಲಿನ ಶೆಲ್ಫಿಗೆ 2 ಅಡಿ. ಅಲ್ಲಿಗೆ 20 ಮತ್ತು 11, ಒಟ್ಟು 31 ಚದರ ಅಡಿ. ಕಿಟಕಿ 4 ಅಡಿ ಅಗಲ, ಈ ಪಟ್ಟಿಯೊಳಗೆ 1 ಅಡಿ ಇಳಿದಿದೆ. ಆ 4 ಕಳೆದರೆ 27. ನೀವು ನೋಡಿಟ್ಟ 12x18 ಇಂಚಿನ ಟೈಲ್ ಒಂದಕ್ಕೆ ಒಂದೂವರೆ ಚದರ ಅಡಿ. ಅಂದರೆ 18 ಟೈಲ್. ಬಾಕ್ಸಿಗೆ 6 ಇವೆ ಅಂದಿರಿ, ಹಾಗಾಗಿ ಸರಿಯಾಗಿ 3 ಬಾಕ್ಸ್. ಅಪ್ಪಾಜಿ ಲೆಕ್ಕ ತಪ್ಪಿಲ್ಲ. ಆದರೆ ಮೂಲೆಯಲ್ಲಿ ಕೊಯ್ದ ತುಂಡು ಎಲ್ಲಾ ಕಡೆ ಕೂರುವುದಿಲ್ಲ, ಮಷಿನ್ ಹಾಕುವಾಗ ಒಂದೆರಡು ಒಡೆದೇ ಒಡೆಯುತ್ತವೆ. ನೂರಕ್ಕೆ ಹತ್ತು ಜಾಸ್ತಿ ಇಟ್ಟರೆ 20. ಅದಕ್ಕೇ 4 ಬಾಕ್ಸ್. 6 ಮಾತ್ರ ಬೇಡ, ಮೇಸ್ತ್ರಿ ಕಿಟಕಿಯನ್ನೂ ಸೇರಿಸಿ ದಂಡಿಯಾಗಿ ಹೇಳಿರಬೇಕು. ಸ್ವಿಚ್ ಬೋರ್ಡಿನ ಜಾಗ ಕಳೆಯಬೇಡಿ ಅಪ್ಪಾಜಿ, ಅಲ್ಲಿ ಕೊಯ್ದು ತೆಗೆದ ತುಂಡು ಯಾವುದಕ್ಕೂ ಬರುವುದಿಲ್ಲ. ಗ್ರಾನೈಟ್ ಕೂರಿಸಿದ ಮೇಲೆ ಅದರ ಮೇಲ್ಮೈಯಿಂದ ಇನ್ನೊಮ್ಮೆ ಅಳೆಯಿರಿ.

ಇನ್ನು ಅಮ್ಮನಿಗೆ ಬೇಕಾದ ಕಾಫಿ ಕಪ್ಪಿನ ಚಿತ್ರದ ಟೈಲ್. ಟೈಲನ್ನು ಅಡ್ಡ ಹಚ್ಚಿದರೆ ಎರಡು ಸಾಲಿಗೆ 2 ಅಡಿ ಮುಗಿಯುತ್ತದೆ, ಮೇಲೆ ಕೊಯ್ಯುವ ಕೆಲಸವೇ ಇಲ್ಲ. ಉದ್ದಕ್ಕೆ ನಿಲ್ಲಿಸಿದರೆ ಒಂದೂವರೆ ಅಡಿಗೆ ಒಂದು ಸಾಲು, ಅದರ ಮೇಲೆ ಅರ್ಧ ಅಡಿಯ ತುಂಡುಗಳನ್ನು ಗೋಡೆ ಪೂರ್ತಿ ಹಚ್ಚಬೇಕು. ಆದರೆ ಕಪ್ಪಿನ ಚಿತ್ರದ, ನಡುನಡುವೆ ಹಚ್ಚುವ ಆ ಹೈಲೈಟರ್ ಟೈಲ್ ನಿಲ್ಲಿಸುವಂಥದ್ದು. ಅಡ್ಡ ಹಚ್ಚಿದರೆ ಕಾಫಿ ಚೆಲ್ಲುತ್ತೆ ಅಲ್ವಾ ಅಮ್ಮ? ನನ್ನ ಮಾತು ಕೇಳಿದರೆ ಕಪ್ಪಿನ ಚಿತ್ರ ಬಿಟ್ಟು ಸಾದಾ ಕೆನೆಬಣ್ಣ ತಗೊಳ್ಳಿ. ನೀವು ಕೇಳುವುದಿಲ್ಲ, ಗೊತ್ತು.

ಇಷ್ಟೆಲ್ಲ ಹೇಳೋಕೆ ಕಾರಣ ಇದೆ. ಹೋದ ವರ್ಷ ನಮ್ಮ ಮನೆಗೆ ನಾನೂ ಅಪ್ಪಾಜಿ ಥರವೇ ಸರಿಯಾಗಿ ಲೆಕ್ಕ ಹಾಕಿ ತಂದೆ. 2 ಟೈಲ್ ಕಮ್ಮಿ ಬಿತ್ತು. ಎರಡು ತಿಂಗಳು ಬಿಟ್ಟು ಅದೇ ಅಂಗಡಿ, ಅದೇ ಹೆಸರಿನ ಟೈಲ್ ತಂದರೆ ಒಂಚೂರು ಹಳದಿ. ಬೇರೆ ಬ್ಯಾಚಿನದು. ಹಗಲಲ್ಲಿ ಕಾಣುವುದಿಲ್ಲ, ರಾತ್ರಿ ದೀಪ ಹಾಕಿದರೆ ಎದ್ದು ಕಾಣುತ್ತೆ. ಈಗ ಅದರ ಮುಂದೆ ಮಿಕ್ಸಿ ಇಟ್ಟಿದ್ದೇನೆ. ಬಂದವರು ಮಿಕ್ಸಿ ಯಾಕೆ ಇಲ್ಲಿ ಅಂತಲೇ ಕೇಳ್ತಾರೆ.

ಹಾಗಾಗಿ ಕುಶಾಲನಗರದಲ್ಲಿ 4 ಬಾಕ್ಸನ್ನೂ ಒಂದೇ ಸಲ ತಗೊಳ್ಳಿ. ಬಾಕ್ಸಿನ ಮೇಲೆ ಬ್ಯಾಚ್ ನಂಬರ್, ಶೇಡ್ ಅಂತ ಇರುತ್ತೆ, ನಾಲ್ಕರಲ್ಲೂ ಒಂದೇ ಇದೆಯಾ ಅಂತ ಜೀಪಿಗೆ ಹಾಕುವ ಮೊದಲೇ ನೋಡಿ. ಉಳಿದದ್ದನ್ನು ಅಟ್ಟದ ಮೇಲೆ ಇಡಿ. ನಲ್ಲಿ ಪೈಪ್ ಒಡೆದು ಗೋಡೆ ಅಗೆಯುವ ದಿನ ಬೇಕಾಗುತ್ತೆ. ಕಿಟಕಿ ದಂಡೆಗೆ ಟೈಲ್ ಬೇಡ, ಕಟ್ಟೆಯ ಗ್ರಾನೈಟ್ ತುಂಡೇ ಸಾಕು. ಟೈಲ್ ಸಂದಿ ತುಂಬುವುದಕ್ಕೆ ಬಿಳಿ ಗ್ರೌಟ್ ಹಾಕಿಸಬೇಡಿ. ನಮ್ಮ ಮಳೆಗಾಲ ಮತ್ತು ಸೌದೆ ಹೊಗೆಗೆ ಒಂದೇ ವರ್ಷದಲ್ಲಿ ಕಪ್ಪಾಗುತ್ತೆ, ಬೂದು ಬಣ್ಣ ಇರಲಿ.

ಹುತ್ತರಿ ಹಬ್ಬಕ್ಕೆ ಮೊದಲು ಮುಗಿಸಿ, ನಾನು ರಜೆಗೆ ಬರುತ್ತೇನೆ. ಈ ಪತ್ರವನ್ನು ಮೇಸ್ತ್ರಿಗೆ ತೋರಿಸಬೇಡಿ, ಬೇಜಾರು ಮಾಡಿಕೊಂಡು ಕೆಲಸ ಬಿಟ್ಟು ಹೋದಾರು.

ನಿಮ್ಮ ಮಗಳು