ಅನಿಮೇಷನ್ ಓದಬೇಕು ಅನ್ನುವವರಿಗೆ

ಎಲ್ಲರಿಗೂ ನಮಸ್ಕಾರ. ಪಿಯುಸಿ ಆದ ಮೇಲೆ ಅನಿಮೇಷನ್‌ಗೆ ಸೇರಬೇಕು, ಯಾವ ಲ್ಯಾಪ್‌ಟಾಪ್ ಕೊಳ್ಳಲಿ ಅಂತ ನಿನ್ನೆಯಿಂದ ಮೂರು ಜನ ಕೇಳಿದ್ದೀರಿ. ಲ್ಯಾಪ್‌ಟಾಪ್ ಆಮೇಲೆ. ಮೊದಲು ಒಂದು ಸ್ಕೆಚ್‌ಬುಕ್ ತಗೊಳ್ಳಿ.

ಅಹಮದಾಬಾದಿನ ಎನ್‌ಐಡಿಯಲ್ಲಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಅನಿಮೇಷನ್ ಫಿಲ್ಮ್ ಡಿಸೈನ್ 4 ವರ್ಷದ ಬಿ.ಡಿಸ್., ಅಂದರೆ ಡಿಸೈನ್ ಪದವಿ. ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್ ಏನಿದ್ದರೂ ನಡೆಯುತ್ತದೆ. ಅಲ್ಲಿಗೆ ಸೇರಲು ಬರೆಯುವ ಡ್ಯಾಟ್ ಪ್ರವೇಶ ಪರೀಕ್ಷೆ ಎರಡು ಹಂತ: ಪ್ರಿಲಿಮ್ಸ್, ಮೇನ್ಸ್. ಬೆಂಗಳೂರಲ್ಲೂ ಎನ್‌ಐಡಿ ಇದೆಯಲ್ವಾ ಅನ್ನಬೇಡಿ, ಅಲ್ಲಿರುವುದು ಎಂ.ಡಿಸ್., ಅಂದರೆ ಪದವಿ ಮುಗಿಸಿದ ಮೇಲೆ ಓದುವ ಸ್ನಾತಕೋತ್ತರ ಕೋರ್ಸ್.

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಒಂದು ಸೆಕೆಂಡಿಗೆ 12 ಚಿತ್ರ ಬೇಕು. ಮೊದಲ ಸೆಮಿಸ್ಟರಿನಲ್ಲಿ ನಾನು ಪುಟಿಯುವ ಚೆಂಡಿನ ಹಿಂದೆಯೇ ಒಂದು ವಾರ ಕಳೆದೆ. ನೆಲ ಮುಟ್ಟಿದಾಗ ಚೆಂಡು ಚಪ್ಪಟೆಯಾಗಬೇಕು, ಮೇಲೇರಿದಂತೆ ಚಿತ್ರಗಳ ನಡುವಿನ ಅಂತರ ಕಡಿಮೆಯಾಗಬೇಕು. ನನ್ನದು ಬಲೂನಿನ ಹಾಗೆ ತೇಲುತ್ತಿತ್ತು! ಸಾಫ್ಟ್‌ವೇರ್ ಇದನ್ನು ಸರಿ ಮಾಡಿಕೊಡಲ್ಲ.

ಈ ವಾರ ಬಸ್‌ಸ್ಟ್ಯಾಂಡಿನಲ್ಲಿ ಕೂತು ಜನರ ಚಿತ್ರ ಬರೆಯಿರಿ. ಒಬ್ಬರಿಗೆ ಒಂದೇ ನಿಮಿಷ. ಮುಖ ಬೇಡ, ಬೆನ್ನು ಹೇಗೆ ಬಾಗಿದೆ, ಬ್ಯಾಗಿನ ಭಾರ ಯಾವ ಕಾಲಿಗೆ ಬಿದ್ದಿದೆ ನೋಡಿ. ಭಾನುವಾರ ಸಂಜೆ ಐದು ಪುಟದ ಫೋಟೊ ಇಲ್ಲಿ ಹಾಕಿ. ನೆಟ್‌ನಲ್ಲಿ ನೋಡಿ ಬರೆದದ್ದು ಬೇಡ, ಗೊತ್ತಾಗಿಬಿಡುತ್ತದೆ.