ಆಕ್ಸಲ್ ಸೌಂಡು 'ನಾರ್ಮಲ್' ಅಂತಾರ, ಬರ್ದು ಕೊಡ್ರಿ ಅಂದ್ರ ಕೊಡಂಗಿಲ್ಲ

ಸಂಪಾದಕರೇ, ನಮಸ್ಕಾರ.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್‌ಮಿಲ್‌ಗೆ ಗಾಡಿ ಹಚ್ಚಿ ಹೊಟ್ಟೆ ಹೊರಿಯೋ ನಮ್ಮಂಥ ಒಂಟಿ ಲಾರಿ ಮಾಲೀಕರ ಕಷ್ಟ ಒಂದು ನಿಮ್ಮ ಪೇಪರ್‌ನಾಗ ಬರ್ಲಿ ಅಂತ ಬರೀತಿದೀನಿ. ಹೊಸಾ ಆರು ಗಾಲಿ ಲಾರಿ, ವಾರಂಟಿ ಇನ್ನೂ ಐತಿ, ಹಿಂದಿನ ಆಕ್ಸಲ್ (ಗಾಲಿ ಜೋಡ್ಸೋ ಅಚ್ಚು) ಹೌಸಿಂಗ್‌ನಾಗ ಸೌಂಡು. ಖಾಲಿ ಓಡ್ಸಿದ್ರ ಏನೂ ಕೇಳ್ಸಂಗಿಲ್ಲ, ಅಕ್ಕಿ ಲೋಡ್ ಹಾಕ್ಕೊಂಡು 40-50ರ ಸ್ಪೀಡಿಗೆ ಬಂದು ಎಕ್ಸಲೇಟರ್ ತುಳುದ್ರ ಹಿಂದಿಂದ ಗುಂಯ್ ಅಂತ ಶುರುವಾಗತೈತಿ, ಕಾಲು ತೆಗುದ್ರ ಸೌಂಡೇ ಬದಲಾಗತೈತಿ. ತುಳುದ್ರ ಒಂಥರಾ, ಬಿಟ್ರ ಇನ್ನೊಂಥರಾ ಅಂದ್ರ ಟೈರಿನ ಸೌಂಡಲ್ಲ, ಆಕ್ಸಲ್ ಒಳಗ ಗಾಲಿ ತಿರುಗ್ಸೋ ಹಲ್ಲಿನ ಚಕ್ರದ ಜೋಡಿ ಕ್ರೌನ್-ಪಿನಿಯನ್, ಇಲ್ಲಾ ಪಿನಿಯನ್ ಬೇರಿಂಗ್ ಬಿಚ್ಚಿ ನೋಡ್ಬೇಕು ಅಂತ ನಾಕು ವರ್ಷ ಸ್ಟೀರಿಂಗ್ ಹಿಡ್ದ ಯಾವ ಡ್ರೈವರ್ ಆದ್ರೂ ಹೇಳ್ತಾನ.

ಶೋರೂಮ್ ಸರ್ವಿಸ್‌ನೋರು ಮಾತ್ರ ಗಾಡಿನ ಖಾಲಿನೇ ಕಾಂಪೌಂಡ್ ಒಳಗ ಒಂದು ರೌಂಡ್ ಹೊಡ್ದು "ನಾರ್ಮಲ್ ಸೌಂಡ್ ಅಣ್ಣಾರ, ಹೊಸಾ ಗಾಡಿ, ಓಡ್ತಾ ಓಡ್ತಾ ಸೆಟ್ ಆಗತೈತಿ" ಅಂತ ಕಳಿಸಿಬಿಡ್ತಾರ. ಜಾಬ್ ಕಾರ್ಡ್‌ನಾಗ ಏನು ಬರ್ದಾರ ಅಂತ ನೋಡಿದ್ರ 'ಜನರಲ್ ಚೆಕಪ್'. ಆಕ್ಸಲ್ ಅನ್ನೋ ಮಾತೇ ಇಲ್ಲ. ನಾಳೆ ವಾರಂಟಿ ಮುಗುದ್ಮ್ಯಾಲೆ ಇದೇ ಸೌಂಡಿಗೆ ಹೋದ್ರ "ನೀವು ಮೊದ್ಲು ಕಂಪ್ಲೇಂಟೇ ಕೊಟ್ಟಿಲ್ಲಲ್ರಿ, ರೆಕಾರ್ಡ್‌ನಾಗ ಇಲ್ಲ" ಅನ್ನೋಕ ಈಗಿಂದನೇ ದಾರಿ ಮಾಡಿಟ್ಕೋತಾರ, ಅಷ್ಟೇ.

ಆಕ್ಸಲ್ ಆಯಿಲ್ ಇಳಿಸುವಾಗ ನಾನು ಬಾಜೂಕೇ ನಿಂತಿದ್ದೆ. ಡ್ರೇನ್ ಪ್ಲಗ್‌ಗೆ ಮ್ಯಾಗ್ನೆಟ್ ಇರತೈತಲ್ಲ, ಅದಕ್ಕ ಸಣ್ಣ ಪುಡಿ ಮೆತ್ಕೊಳ್ಳೋದು ಎಲ್ಲಾ ಗಾಡಿಗೂ ಇದ್ದದ್ದೇ, ಆದ್ರ ಇದಕ್ಕ ಕತ್ತರಿಸಿದ ಉಗುರಿನಂಗ ಕಬ್ಬಿಣದ ಚೂರು ಮೆತ್ತಿದ್ವು, ಟ್ರೇನಾಗಿನ ಆಯಿಲ್ ಬಿಸಿಲಿಗೆ ಮಿಣಮಿಣ ಅಂತಿತ್ತು. ಮೆಕ್ಯಾನಿಕ್ ಹುಡುಗ "ಸಾರ್ ಇದು..." ಅಂತ ಬಾಯಿ ತೆಗಿಯೋದ್ರಾಗ ಸೂಪರ್‌ವೈಸರ್ ಬಂದು ವೇಸ್ಟ್ ಬಟ್ಟೀಲೆ ಪ್ಲಗ್ ಒರೆಸಿ, ಹೊಸಾ ಆಯಿಲ್ ತುಂಬ್ಸಿ, ಅದರ ಬಿಲ್ಲು ನನ್ ಕೈಗೇ ಕೊಟ್ಟ. ಪುಣ್ಯಕ್ಕ ಒರೆಸೋಕಿಂತ ಮೊದ್ಲು ಫೋಟೋ ಹೊಡ್ಕೊಂಡಿದ್ದೆ.

ಜೋರು ಮಾಡಿ ಕೇಳಿದ್ರ ಓವರ್‌ಲೋಡ್ ಅಂತಾರ. ನಮ್ ಕಡೆ ಓವರ್‌ಲೋಡ್ ಹಾಕೋರೇ ಇಲ್ಲ ಅಂತ ನಾನೂ ಹೇಳಂಗಿಲ್ಲ, ಮೈನಿಂಗ್ ಟೈಮಿನಾಗ ಎಲ್ಲಾ ನೋಡೀವಿ, ಆದ್ರ ಹಾಕಿದ್ದೀ ಅನ್ನೋರು ತೋರಿಸ್ಬೇಕಲ್ಲ. 2018ರಾಗ ಕೇಂದ್ರ ಸರ್ಕಾರನೇ ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದಿದ್ದನ್ನ 11.5 ಟನ್ ಮಾಡೈತಿ, ಎರಡು ಆಕ್ಸಲ್ ಲಾರಿ ಒಟ್ಟು ತೂಕ 16.2ರಿಂದ 18.5 ಟನ್‌ಗೆ ಏರೈತಿ. ಆರ್‌ಸಿ ತೂಕದೊಳಗೇ ಇರೋ ಮಿಲ್ ಕಾಟಾ ಚೀಟಿ ನನ್ ಹತ್ರ ಎಲ್ಲಾ ಅದಾವ, ಟೇಬಲ್ ಮ್ಯಾಲೆ ಇಟ್ಟ ಕೂಡ್ಲೆ ಆ ಮಾತು ನಿಂತು 'ಕಂಪನಿಯಿಂದ ಅಪ್ರೂವಲ್ ಬರ್ಬೇಕು' ಅನ್ನೋ ಹೊಸಾ ರಾಗ ಶುರು. ಅಪ್ರೂವಲ್ ಬರೋತನಕ ಗಾಡಿ ನಿಂತಿರತೈತಿ, ಇಎಂಐ ನಿಲ್ಲಂಗಿಲ್ಲ.

ಕೌಂಟರ್‌ನಾಗ ಕೂತೋರು ಇನ್ನೊಂದು ಮಾತು ಭಾಳ ಧೈರ್ಯದಿಂದ ಹೇಳ್ತಾರ, "ಕಮರ್ಷಿಯಲ್ ಗಾಡಿ ಇದು, ಗ್ರಾಹಕರ ಕೋರ್ಟಿಗೆ ಹೋಗೋಕ ಬರಂಗಿಲ್ಲ." ಅರ್ಧ ಖರೆ ಹೇಳಿ ಅರ್ಧ ನುಂಗೋದು ಅಂದ್ರ ಇದೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆನಾಗ ವ್ಯಾಪಾರಕ್ಕ ತಗೊಂಡೋರ್ನ ಹೊರಗಿಟ್ಟಾರ, ಆದ್ರ ಸೆಕ್ಷನ್ 2(7)ರ ವಿವರಣೆನಾಗ ಸ್ವಂತ ದುಡಿಮೆಯಿಂದ ಜೀವನ ನಡೆಸೋಕ ಅಂತಲೇ ತಗೊಂಡು ತಾನೇ ಬಳಸೋನು ಗ್ರಾಹಕನೇ ಅಂತ ಸಾಫ್ ಬರ್ದೈತಿ. ಒಂದೇ ಗಾಡಿ ಇಟ್ಕೊಂಡು ತಾನೇ ಓಡ್ಸೋನು ಇನ್ಯಾರು? ಗಾಡಿ ರೇಟು 50 ಲಕ್ಷದೊಳಗ ಇದ್ರ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಬರತೈತಿ, 20 ಲಕ್ಷ ದಾಟಿದ್ದಕ್ಕ ಫೀಸು 1000 ರೂಪಾಯಿ, ಎರಡು ವರ್ಷದೊಳಗ ಹಾಕ್ಬೇಕು, ಶೋರೂಮ್ ಬ್ಯಾರೆ ಜಿಲ್ಲೆನಾಗ ಇದ್ರೂ ನಾವಿರೋ ಜಿಲ್ಲೆ, ಅಂದ್ರ ನಮಗ ಕೊಪ್ಪಳದಾಗೇ ಹಾಕೋಕ ಬರತೈತಿ. ಅದಕ್ಕೂ ಮೊದ್ಲು ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಹಚ್ಚಿ ದೂರು ಬರೆಸಬೋದು, ಅದಕ್ಕ ದುಡ್ಡು ಕೊಡೋದೇನಿಲ್ಲ.

ನಂದು ಕಡೀಗೆ ಫೋಟೋ, ಕಾಟಾ ಚೀಟಿ ಎಲ್ಲಾ ಸೇರ್ಸಿ ಕಂಪನಿಗೇ ರಿಜಿಸ್ಟರ್ ಪೋಸ್ಟ್ ಹಾಕಿದ್ಮ್ಯಾಲೆ ಅವರ ಇಂಜಿನಿಯರ್ ಬಂದು ಲೋಡ್ ಸಮೇತ ಗಾಡಿ ಓಡ್ಸಿ ನೋಡಿದ್ರು. ಊರ ಹೊರಗ ಹೋಗೋದ್ರಾಗೇ "ಹೌದ್ರಿ, ಸೌಂಡ್ ಐತಿ" ಅಂದ್ರು. ಕ್ರೌನ್-ಪಿನಿಯನ್ ಸೆಟ್ ವಾರಂಟಿನಾಗೇ ಹಾಕ್ತೀವಿ ಅಂದಾರ, ಆಯಿಲ್ ಬಿಲ್ಲಿನ ದುಡ್ಡು ಕೇಳಿದ್ದಕ್ಕ ಮಾತ್ರ ಇನ್ನೂ ಉತ್ರ ಇಲ್ಲ.

ಇದನ್ನೇ ಮೊದಲ್ನೇ ದಿನ ಮಾಡೋಕ ಏನಾಗಿತ್ತು? ಸೌಂಡ್ ಕಂಪ್ಲೇಂಟ್ ಬಂದ್ರ ಲೋಡ್ ಗಾಡಿನ ಮಾಲೀಕನ್ನ ಬಾಜೂಕ ಕೂರ್ಸ್ಕೊಂಡು ಟ್ರಯಲ್ ನೋಡ್ರಿ, ಅವ ಹೇಳಿದ್ದನ್ನ ಅವನ ಮಾತಿನಾಗೇ ಜಾಬ್ ಕಾರ್ಡಿಗೆ ಬರೀರಿ, ನಾರ್ಮಲ್ ಅನ್ನೋದಾದ್ರ ಸೀಲು ಸಹಿ ಹಾಕಿ ನಾರ್ಮಲ್ ಅಂತಲೇ ಬರ್ದು ಕೊಡ್ರಿ. ನಮ್ ಲಾರಿ ಮಾಲೀಕರ ಸಂಘದೋರೂ ಟೋಲ್, ಡೀಸೆಲ್ ರೇಟಿಗಷ್ಟೇ ಅಲ್ಲ, ಇದಕ್ಕೂ ಒಂದು ಸಲ ಬಳ್ಳಾರಿ, ರಾಯಚೂರು, ಕೊಪ್ಪಳದ ಡೀಲರ್‌ಗಳ್ನ ಕೂರ್ಸಿ ಮಾತಾಡ್ಬೇಕು.

ಇಂತಿ,
ಒಬ್ಬ ಲಾರಿ ಮಾಲೀಕ ಮತ್ತು ಡ್ರೈವರ್
ಗಂಗಾವತಿ, ಕೊಪ್ಪಳ ಜಿಲ್ಲೆ