'ಬಸ್ನಲ್ಲಿ' ಬೇಡ, 'ಬಸ್ಸಿನಲ್ಲಿ' ಬರೆಯಿರಿ

ಮಾನ್ಯ ಸಂಪಾದಕರೇ,

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನಿಗೆ ಅಂಗಡಿಕಾರರು ಕಂಡುಕೊಂಡ ಸುಲಭದ ದಾರಿ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಗೆ ಇಳಿಸುವುದು. ಬೆಳಗಾವಿಯ ಖಡೇಬಜಾರಿನಲ್ಲಿ ಒಬ್ಬರದು 'ಟೇಲರ್ಸ್', ಇನ್ನೊಬ್ಬರದು 'ಟೈಲರ್ಸ್'. ಇಂಥ ಪದಗಳನ್ನೆಲ್ಲ ಕಿತ್ತು ಅಚ್ಚಗನ್ನಡ ಹಾಕಿ ಎನ್ನುವವರು ಸ್ಪ್ಯಾನಿಷ್ ಭಾಷೆಯವರ ಅನುಭವವನ್ನೊಮ್ಮೆ ನೋಡಬೇಕು. ಬಾಸ್ಕೆಟ್‌ಬಾಲಿಗೆ ಕಟ್ಟಿದ 'ಬಾಲೊನ್ಸೆಸ್ತೊ' ಸ್ಪೇನಿನಲ್ಲಿ ಗಟ್ಟಿಯಾಗಿ ನಿಂತಿತು. ಫುಟ್‌ಬಾಲಿಗೆ ಕಟ್ಟಿದ 'ಬಾಲೊಂಪಿಯೇ' ಮಾತ್ರ ರಿಯಲ್ ಬೆಟಿಸ್ ಬಾಲೊಂಪಿಯೇಯಂಥ ಕ್ಲಬ್ಬಿನ ಹೆಸರಿಗೆ ಅಂಟಿಕೊಂಡು ಉಳಿಯಿತು; ಜನ ಆಡುವುದು 'ಫೂತ್ಬೊಲ್'.

ಅವರ ನಿಜವಾದ ಜಾಣತನ ಇರುವುದು ಪದವನ್ನು ಒಗ್ಗಿಸಿಕೊಳ್ಳುವುದರಲ್ಲಿ. 'ಸ'ಕಾರಕ್ಕೆ ಇನ್ನೊಂದು ವ್ಯಂಜನ ಕೂಡಿ ಸ್ಪ್ಯಾನಿಷ್ ಪದ ಶುರುವಾಗುವುದಿಲ್ಲ. ಹಾಗಾಗಿ ಸ್ಟ್ರೆಸ್ 'ಎಸ್ತ್ರೆಸ್' ಆಯಿತು, ಸ್ಕ್ಯಾನರ್ 'ಎಸ್ಕಾನೆರ್' ಆಯಿತು. ನಮ್ಮ ಹಳ್ಳಿಗಳ 'ಇಸ್ಟೇಶನ್ನು', 'ಇಸ್ಟಾಂಪು' ಇದೇ ಜಾಯಮಾನದವು. ನಾವು ಕೇಳಿ ನಗುತ್ತೇವೆ, ಅವರು ನಿಘಂಟಿಗೇ ಸೇರಿಸಿದ್ದಾರೆ! ಚಾಟ್ ಪದಕ್ಕೆ ತಮ್ಮ ಕ್ರಿಯಾಪ್ರತ್ಯಯ ಹಚ್ಚಿ 'ಚಾತೆಯಾರ್' ಎಂದರು. 'ಗೋಲ್' ಬಹುವಚನದಲ್ಲಿ 'ಗೋಲೆಸ್'. ಹಾಗೆಂದು ಪದ, ಕಾಗುಣಿತಗಳನ್ನು ಗೊತ್ತುಮಾಡುವ, 1713ರಲ್ಲಿ ಸ್ಥಾಪನೆಯಾದ ಸ್ಪ್ಯಾನಿಷ್ ಅಕಾಡೆಮಿ ಹೇಳಿದ್ದೆಲ್ಲ ನಡೆದಿಲ್ಲ. ವಿಸ್ಕಿಗೆ ಅದು ಸೂಚಿಸಿದ 'ಗ್ವಿಸ್ಕಿ' ಎಂಬ ಕಾಗುಣಿತ ಜನರಿಗೆ ಹಿಡಿಸಲಿಲ್ಲ. 2010ರಲ್ಲಿ ಬೇರೆ ರೂಪ ಸೂಚಿಸಬೇಕಾಯಿತು.

ಕನ್ನಡಕ್ಕೂ ಇಂಥ ನಿಯಮವಿದೆ, ಪತ್ರಿಕೆಗಳು ಬಳಸುತ್ತಿಲ್ಲ ಅಷ್ಟೆ. ಹ್ರಸ್ವ ಸ್ವರದ ಮುಂದಿನ ಕೊನೆಯ ವ್ಯಂಜನ ಸಾಮಾನ್ಯವಾಗಿ ಇಮ್ಮಡಿಸಿ 'ಉ' ಸೇರುತ್ತದೆ: ಬಸ್ಸು, ಪೆನ್ನು, ಕ್ಲಬ್ಬು. ದೀರ್ಘ ಸ್ವರವಿದ್ದರೆ ಇಮ್ಮಡಿಸುವುದಿಲ್ಲ: ಕಾರು, ಫೋನು. ವಿಭಕ್ತಿ ಹಚ್ಚಿದರೆ ಬಸ್ಸಿನಲ್ಲಿ, ಫೋನಿನಿಂದ. ಪತ್ರಿಕೆಗಳಲ್ಲಿ ಬರುವುದು 'ಬಸ್‌ನಲ್ಲಿ'. ಈ ಅರ್ಧಾಕ್ಷರ ನಿಲ್ಲಬೇಕಾದರೆ ಟೈಪ್ ಮಾಡುವಾಗ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ, ಝೀರೋ ವಿಡ್ತ್ ನಾನ್ ಜಾಯ್ನರ್, ಇರಲೇಬೇಕು. ಪಠ್ಯವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಅದು ಬಿದ್ದುಹೋದರೆ ಮುಂದಿನ ಅಕ್ಷರ ಒತ್ತಕ್ಷರವಾಗಿ 'ಬಸ್ನಲ್ಲಿ', 'ಟಿಕೆಟ್ಗಳು' ಎಂದು ಅಚ್ಚಾಗುತ್ತದೆ. ಬಸ್ಸಿನಲ್ಲಿ, ಟಿಕೆಟ್ಟುಗಳು ಎಂದು ಬರೆದರೆ ಆ ಚಿಹ್ನೆಯ ಹಂಗೇ ಇಲ್ಲ. ಸಾಫ್ಟ್‌ವೇರಿನಂಥ ಜೋಡುಪದಗಳ ಒಳಗೆ ಮಾತ್ರ ಅದು ಬೇಕಾಗುತ್ತದೆ.

ಇನ್ನೊಂದು ಕಿರಿಕಿರಿ 'ಫ್ಯಾನ್ಸ್‌ಗಳು', 'ಟೀಚರ್ಸ್‌ಗಳು'. ಇಂಗ್ಲಿಷಿನ ಬಹುವಚನಕ್ಕೆ ನಮ್ಮ 'ಗಳು' ಏಕೆ? ಎರವಲು ತರುವಾಗ ಏಕವಚನವನ್ನಷ್ಟೇ ತಂದರೆ ಸಾಕು: ಫ್ಯಾನುಗಳು, ಟೀಚರುಗಳು. (ಮೊದಲನೆಯದು ತಿರುಗುವ ಫ್ಯಾನೆಂದು ಯಾರಾದರೂ ತಿಳಿದರೆ 'ಅಭಿಮಾನಿಗಳು' ಇದ್ದೇ ಇದೆ.)

ತಮ್ಮ ಪತ್ರಿಕೆಯ ಕರಡು ತಿದ್ದುವ ವಿಭಾಗ ಹೆಚ್ಚು ಬಳಕೆಯ ಎರವಲು ಪದಗಳಿಗೆ ಒಂದೊಂದೇ ಕಾಗುಣಿತ ಗೊತ್ತುಮಾಡಿ ಪಟ್ಟಿಯನ್ನು ಪ್ರಕಟಿಸಲಿ. ಬೋರ್ಡು ಬರೆಯುವ ಪೇಂಟರುಗಳಿಗೂ ಅದು ಉಪಯೋಗಕ್ಕೆ ಬರುತ್ತದೆ. ಕಂಪನಿಗಳ, ವ್ಯಕ್ತಿಗಳ ಹೆಸರುಗಳನ್ನು ಅವರವರು ಬರೆದುಕೊಳ್ಳುವಂತೆಯೇ ಬಿಡಬಹುದು.

– ಕೆಲವು ಭಾಷಾ ಅಧ್ಯಾಪಕರು, ಟಿಳಕವಾಡಿ, ಬೆಳಗಾವಿ